ಭಾವನ ಫೋಟೋಗೆ ಹಾರ

ಯಾರಾದರೂ ಥ್ಯಾಂಕ್ಸ್ ಹೇಳಿದರೆ ಓಡಿಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ಹಾವು ಕಂಡರೆ ಓಡುವವರಿದ್ದಾರೆ, ಹೆಂಡತಿಯ ತವರಿನವರು ಬಂದರೆ ಓಡುವವರೂ ಇದ್ದಾರೆ. ನಮ್ಮ ಭಾವ ಈ ಎರಡಕ್ಕೂ ಹೆದರುವವರಲ್ಲ. ಆದರೆ ‘ಥ್ಯಾಂಕ್ ಯು ಫಾರ್ ಯುವರ್ ಸರ್ವಿಸ್’ ಎಂಬ ಒಂದು ವಾಕ್ಯ ಕಿವಿಗೆ ಬಿದ್ದರೆ ಸಾಕು, ಕಾಲಿಗೆ ಬುದ್ಧಿ ಹೇಳುತ್ತಾರೆ!

ಭಾವ ಐರ್ಲೆಂಡಿನವರು. ಓದಲು ಡಬ್ಲಿನ್‌ಗೆ ಹೋದ ಅಕ್ಕ ಡಿಗ್ರಿಯ ಜೊತೆಗೆ ಇವರನ್ನೂ ತಂದಳು. ಈಗ ಅವರಿಬ್ಬರು ಅಮೆರಿಕದ ಫೋರ್ಟ್ ಮಿಲ್‌ನಲ್ಲಿ, ನಾವು ಷಾರ್ಲೆಟ್‌ನಲ್ಲಿ. ನಡುವೆ ಒಂದು ರಾಜ್ಯದ ಗಡಿ ಮತ್ತು ಇಪ್ಪತ್ತು ನಿಮಿಷದ ದಾರಿ. 2020ರಲ್ಲಿ ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಭಾವ ಮೈಸೂರಿನಲ್ಲಿದ್ದ ನಮ್ಮ ಅಮ್ಮನಿಂದ ವೀಡಿಯೋ ಕಾಲ್‌ನಲ್ಲಿ ಕನ್ನಡ ಕಲಿತರು. ಅದರ ಫಲವಾಗಿ, ಐವತ್ತು ದಾಟಿದ, ಆರಡಿ ಎತ್ತರದ, ಕೆಂಪು ಗಡ್ಡದ ಈ ಮನುಷ್ಯ ಬಾಯಿ ತೆರೆದರೆ ನಮ್ಮಮ್ಮನೇ ಮಾತಾಡಿದಂತಾಗುತ್ತದೆ. ಹೆದ್ದಾರಿಯಲ್ಲಿ ಯಾವುದಾದರೂ ಟ್ರಕ್ ಅಡ್ಡ ಬಂದರೆ, “ಅಯ್ಯೋ, ಇವನ ಮನೆ ಹಾಳಾಗ!” ಎಂದು ಕೈ ತಿರುವುತ್ತಾರೆ.

ಇಂಥವರು ಹುಡುಗಾಟದ ವಯಸ್ಸಿನಲ್ಲಿ ಐದು ವರ್ಷ ಐರ್ಲೆಂಡಿನ ಸೈನ್ಯದಲ್ಲಿದ್ದರು. ಅಲ್ಲೇ ಇರುವುದು ತೊಂದರೆ. ಈ ಎರಡೂ ಕ್ಯಾರೊಲಿನಾ ರಾಜ್ಯಗಳಲ್ಲಿ ಸೈನಿಕರೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ, ಕಂಡಲ್ಲೆಲ್ಲ ಆ ಥ್ಯಾಂಕ್ಸ್ ಗ್ಯಾರಂಟಿ! ಒಮ್ಮೆ ಬೇಲಿಗೆ ಬಣ್ಣ ತರಲು ಹೋದ ಅಂಗಡಿಯಲ್ಲಿ ಅಕ್ಕ ಮಾತಿನ ಭರದಲ್ಲಿ ಗುಟ್ಟು ಬಿಟ್ಟುಕೊಟ್ಟಳು. ಕೌಂಟರಿನ ಹಿಂದಿದ್ದ ಮುದುಕರು ಎದ್ದು ಬಂದು, ಎದೆಯ ಮೇಲೆ ಕೈ ಇಟ್ಟು, ಆ ಮಂತ್ರವನ್ನು ಹೇಳಿಯೇಬಿಟ್ಟರು. ಅಕ್ಕ ತಿರುಗಿ ನೋಡಿದರೆ ಭಾವ ಇಲ್ಲ. ಬಣ್ಣದ ಡಬ್ಬಗಳು ಕೌಂಟರಿನ ಮೇಲೆ, ಗಂಡ ಕಾರಿನೊಳಗೆ, ಸೀಟ್ ಬೆಲ್ಟ್ ಹಾಕಿಕೊಂಡು! ಆ ಬೇಲಿ ಇವತ್ತಿಗೂ ಅರ್ಧ ಬಿಳಿ, ಅರ್ಧ ಕಂದು.

ನಮ್ಮ ಕನ್ನಡದವರ ಗಣೇಶನ ಹಬ್ಬದ ಊಟದಲ್ಲೂ ಇದೇ ಕಥೆ. ಮಗನ ಮನೆಗೆ ಬಂದಿದ್ದ ಒಬ್ಬ ಹಿರಿಯರು ಪುಳಿಯೋಗರೆ ತಟ್ಟೆ ಹಿಡಿದು ಭಾವನ ಪಕ್ಕ ಕೂತರು.

“ಯಾವ ಯುದ್ಧ ಮಾಡಿದ್ರಿ?”

“ಮಳೆ ಜೊತೆ, ಅಂಕಲ್. ಮಳೆ ಗೆಲ್ತು.”

“ಮತ್ತೆ ಐದು ವರ್ಷ ಏನ್ ಮಾಡ್ತಿದ್ರಿ?”

“ಬ್ಯಾಂಕಿನ ಕ್ಯಾಶ್ ವ್ಯಾನ್ ಹಿಂದೆ ಜೀಪಲ್ಲಿ ಹೋಗ್ತಿದ್ದೆ. ಈಗ ಷಾರ್ಲೆಟ್‌ನಲ್ಲಿ ಬ್ಯಾಂಕಿನ ಸರ್ವರ್ ಕಾಯ್ತಿದೀನಿ. ಪ್ರೊಮೋಷನ್ನೇ ಆಗ್ಲಿಲ್ಲ ನೋಡಿ!”

ಹಿರಿಯರು ಬಿಡುವವರಲ್ಲ. “ಅದ್ಸರಿ, ನಿಮ್ಮ ಆರ್ಮಿ ಎಷ್ಟು ದೊಡ್ಡದು?”

“ಇಲ್ಲಿ ಫುಟ್ಬಾಲ್ ಸ್ಟೇಡಿಯಂ ಇದೆಯಲ್ಲಾ, ಅದರಲ್ಲಿ ಎಲ್ರನ್ನೂ ಕೂರಿಸ್ಬಹುದು.”

“ಓಹೋ! ಸ್ಟೇಡಿಯಂ ಫುಲ್ಲಾ?”

“ಒಂದು ಮೂಲೆ, ಅಂಕಲ್. ಅದೂ ಕಾಲು ಚಾಚ್ಕೊಂಡು.”

“ಫೈಟರ್ ವಿಮಾನ?”

“ಇಲ್ಲ. ಯಾರಾದ್ರೂ ಹೊಡಿಯೋಕೆ ಬಂದ್ರೆ ಟೀ ಮಾಡಿ ಕೊಡ್ತೀವಿ.”

ಹಿರಿಯರು ಭಾವನ ಕಡೆ ಮರುಕದಿಂದ ನೋಡಿ, ತಮ್ಮ ತಟ್ಟೆಯಲ್ಲಿದ್ದ ಕಡುಬನ್ನು ಅವರ ತಟ್ಟೆಗೆ ಹಾಕಿದರು. ಭಾವ ಅದನ್ನು ಖುಷಿಯಾಗಿ ತಿಂದರು. ಕಡುಬಿನ ಜೊತೆ ಥ್ಯಾಂಕ್ಸ್ ಇರಲಿಲ್ಲವಲ್ಲ!

ಹೀಗೆ ನಗುತ್ತಲೇ ನಡೆದಿದ್ದ ವಿಷಯ ಕಳೆದ ವರ್ಷ ನವೆಂಬರಿನಲ್ಲಿ ನಮ್ಮ ಮನೆಯೊಳಗೆ ಬಂತು. ನನ್ನ ಮಗಳಿಗೆ ಹತ್ತು ವರ್ಷ. ಅವಳ ಸ್ಕೂಲಿನಲ್ಲಿ ವೆಟರನ್ಸ್ ಡೇ, ಅಂದರೆ ಮಾಜಿ ಸೈನಿಕರ ದಿನದ ಕಾರ್ಯಕ್ರಮದಲ್ಲಿ ಮಕ್ಕಳು ತಮ್ಮ ಮನೆಯ ಹಳೆಯ ಸೈನಿಕರನ್ನು ಕೈ ಹಿಡಿದು ವೇದಿಕೆಗೆ ಕರೆದುಕೊಂಡು ಹೋಗುತ್ತಾರೆ. ನಮ್ಮಂಥ ವೀಸಾ ಮನೆತನದಲ್ಲಿ ಸೈನಿಕರೆಲ್ಲಿಂದ ಬರಬೇಕು? ನಮ್ಮವರೆಲ್ಲ ಯುದ್ಧ ಮಾಡಿದ್ದು ಕಂಪ್ಯೂಟರಿನ ಜೊತೆ. ಒಂದನೇ ಕ್ಲಾಸಿನಿಂದಲೂ ಅವಳು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾ ಬಂದಿದ್ದಳು. ಈ ಸಲ ಯಾರನ್ನೂ ಕೇಳದೆ ದೊಡ್ಡಪ್ಪನ ಹೆಸರು ಬರೆದು ಕೊಟ್ಟುಬಿಟ್ಟಿದ್ದಳು. ಭಾವ ಮನೆಗೆ ಬಂದ ದಿನ ವಿಷಯ ಹೊರಬಿತ್ತು.

“ಎವ್ರಿಬಡಿ ಹ್ಯಾಸ್ ಎ ಗ್ರ್ಯಾಂಡ್‌ಪಾ, ದೊಡ್ಡಪ್ಪ. ನಂಗೆ ನೀನು ಮಾತ್ರ ಇರೋದು. ಪ್ಲೀಸ್ ಬಾ.”

“ಪುಟ್ಟಿ, ನಿಂಗೆ ಸೈಕಲ್ ಬೇಕಾ? ನಾಯಿ ಬೇಕಾ?”

“ನೋ. ಐ ವಾಂಟ್ ಯೂ.”

ಭಾವ ನಗಲಿಲ್ಲ. “ಇದೊಂದು ಮಾತ್ರ ಆಗಲ್ಲಮ್ಮಾ,” ಎಂದರು. ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗಂತೂ ಕೋಪ ಬಂತು. ಐದು ನಿಮಿಷ ವೇದಿಕೆ ಮೇಲೆ ನಿಂತರೆ ಇವರ ಗಂಟೇನು ಹೋಗುತ್ತಿತ್ತು?

ಮಗಳು ಸೋಲೊಪ್ಪಲಿಲ್ಲ. ಮುಂದಿನ ಶನಿವಾರ ಅಕ್ಕ ಭಾವ ಊಟಕ್ಕೆ ಬಂದಾಗ ಹಾಲ್‌ನಲ್ಲಿ ಒಂದು ದೊಡ್ಡ ಪೋಸ್ಟರ್ ನಿಲ್ಲಿಸಿದ್ದಳು. ಮಧ್ಯದಲ್ಲಿ ಭಾವನ ಹಳೆಯ ಫೋಟೋ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಲೆಬನಾನ್‌ನಲ್ಲಿ ಶಾಂತಿ ಕಾಯಲು ಹೋದಾಗಿನದು, ಪಕ್ಕದಲ್ಲೊಂದು ಮೇಕೆ. ಫೋಟೋದ ಸುತ್ತ ಕೆಂಪು ಕಾಗದದ ಹೂಗಳನ್ನು ಪೋಣಿಸಿ ಮಾಡಿದ ಭರ್ಜರಿ ಹಾರ! ಪಾಪ, ಅವಳ ತಪ್ಪೇನಿದೆ? ಮೈಸೂರಿನ ಮನೆಯ ಗೋಡೆಯಲ್ಲಿ ನಮ್ಮಪ್ಪನ ಫೋಟೋಗೆ ಹಾರ ಇರುವುದನ್ನು ನೋಡಿದ್ದಾಳೆ. ದೊಡ್ಡವರಿಗೆ ಮರ್ಯಾದೆ ಮಾಡುವುದೆಂದರೆ ಹೀಗೆ ಎಂದುಕೊಂಡಿದ್ದಾಳೆ.

ಆಗ ಅಮ್ಮ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಿಂದ ಹುಳಿ ಸೌಟು ಹಿಡಿದು ಬಂದವಳು ಕಿಟಾರನೆ ಕಿರುಚಿದಳು. “ಅಯ್ಯೋ ಶಿವನೇ! ಬದುಕಿರೋರ ಫೋಟೋಗೆ ಹಾರ ಹಾಕಿದ್ಯಲ್ಲೇ! ತೆಗಿಯೇ ಮೊದ್ಲು!”

ಭಾವನಿಗೆ ವಿಷಯ ತಿಳಿದಾಗ ಮುಖ ಅರಳಿತು. “ಅಂದ್ರೆ ನಾನು ಸತ್ತೆ! ಸತ್ತೋರು ಸ್ಕೂಲಿಗೆ ಬರೋಕಾಗಲ್ಲ ಅಲ್ವಾ? ಪ್ರಾಬ್ಲಂ ಸಾಲ್ವ್ಡ್!”

“ಬಿಡ್ತು ಅನ್ನಿ, ಅಳಿಯಂದ್ರೇ!” ಎಂದು ಅಮ್ಮ ಗದರಿದಳು. ಭಾವ ಹಾರ ತೆಗೆಯಲು ಬಗ್ಗಿದರು. ಬಗ್ಗಿದವರು ಆ ಕಾಗದದ ಹೂವನ್ನು ಹತ್ತಿರದಿಂದ ನೋಡಿ ಹಾಗೇ ನಿಂತುಬಿಟ್ಟರು. ಅದು ಟೀಚರ್ ಮಾಡಲು ಕಲಿಸಿದ್ದ ಗಸಗಸೆ ಹೂವು. ಮೊದಲನೇ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆಂದು ಎದೆಗೆ ಸಿಕ್ಕಿಸಿಕೊಳ್ಳುವ ಹೂವು.

“ಇದು ನಮ್ಮ ಊರಲ್ಲಿ ಯಾರೂ ಹಾಕ್ಕೊಳಲ್ಲ,” ಎಂದರು ಭಾವ. “ಇದು ಬ್ರಿಟಿಷ್ ಸೈನ್ಯದ ಹೂವು. ನಮ್ಮನ್ನ ಆಳಿದೋರ ಸೈನ್ಯ.”

“ಪಾಯಸಕ್ಕೆ ಹಾಕೋ ಗಸಗಸೆನಾ?” ಎಂದು ಅಮ್ಮ ಅಚ್ಚರಿಪಟ್ಟಳು. ಆಮೇಲೆ ಸೌಟು ಕೆಳಗಿಟ್ಟು, ಮಾಮೂಲಿ ದನಿಯಲ್ಲೇ ಕೇಳಿದಳು. “ಹಾರ ಹಾಕೋ ಅಂಥೋರು ನಿಮ್ಮನೇಲಿ ಯಾರೂ ಇಲ್ವಾ, ಅಳಿಯಂದ್ರೇ? ಯುದ್ಧಕ್ಕೆ ಹೋಗಿ ವಾಪಸ್ ಬರ್ದೇ ಇರೋರು?”

ಪ್ರತಿ ಪ್ರಶ್ನೆಗೂ ಜೇಬಿನಲ್ಲೊಂದು ಜೋಕ್ ಇಟ್ಟುಕೊಂಡಿರುವ ಭಾವ ಈ ಸಲ ಜೇಬಿಗೆ ಕೈ ಹಾಕಲಿಲ್ಲ. ಹಾರ ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ಹೇಳಿದರು. ಒಬ್ಬನಿದ್ದ. ಅವರ ತಾತನ ಅಣ್ಣ. ಊರಲ್ಲಿ ಕೆಲಸವಿಲ್ಲದೆ ಬ್ರಿಟಿಷ್ ಸೈನ್ಯ ಸೇರಿ ಫ್ರಾನ್ಸಿಗೆ ಹೋದ. ಆಗ ಅವನಿಗೆ ಬರೀ ಹತ್ತೊಂಬತ್ತು ವರ್ಷ. ಅವನು ಅಲ್ಲಿ ಸಾಯುವ ಹೊತ್ತಿಗೆ ಇತ್ತ ಐರ್ಲೆಂಡಿನಲ್ಲಿ ಊರಿನವರು ಅದೇ ಬ್ರಿಟಿಷರ ವಿರುದ್ಧ ಎದ್ದಿದ್ದರು. ಆ ಸಮವಸ್ತ್ರದಲ್ಲಿ ಸತ್ತವನಿಗೆ ಊರಲ್ಲಿ ಅಳುವುದೂ ತಪ್ಪಾಯಿತು. ಫೋಟೋ ಏಸುವಿನ ಪಟದ ಹಿಂದೆ, ಗೋಡೆಗೆ ಮುಖ ಮಾಡಿ ಕೂತಿತು. ತಾತ ಸಾಯುವವರೆಗೂ ಅಣ್ಣನ ಹೆಸರು ಹೇಳಲಿಲ್ಲ.

“ಅವನಿಗೆ ಯಾರೂ ಏನೂ ಹೇಳ್ಲಿಲ್ಲ. ನಾನು ಮೇಕೆ ಜೊತೆ ನಿಂತು ಫೋಟೋ ತೆಗೆಸ್ಕೊಂಡೆ, ನಂಗೆ ಥ್ಯಾಂಕ್ಸ್! ಹೆಂಗ್ ತಗೊಳ್ಲಿ ಹೇಳಿ, ಅಮ್ಮಾ?”

“ಆ ಫೋಟೋ ಎಲ್ಲಿ ಈಗ?”

“ನಮ್ಮನೇಲಿ. ನನ್ನ ಕಾಲುಚೀಲದ ಡ್ರಾಯರ್ ಒಳಗೆ.”

ಇಪ್ಪತ್ತು ವರ್ಷ ಆ ಮನೆಯ ಕಾಲುಚೀಲ ಮಡಿಸಿಟ್ಟ ಅಕ್ಕ ಬಾಯಿ ತೆರೆದು ನೋಡಿದಳು.

“ನಮ್ಮ ಮೈಸೂರಿಂದಾನೂ ಕುದುರೆ ಹತ್ಕೊಂಡು ಹೋಗಿದ್ರಂತೆ ಆ ಯುದ್ಧಕ್ಕೆ,” ಎಂದಳು ಅಮ್ಮ. “ಹಾಕ್ಕೊಂಡಿದ್ದ ಬಟ್ಟೆ ಯಾರದ್ದಾದ್ರೇನು? ಸತ್ತಿದ್ದು ನಿಮ್ಮನೆ ಮಗು ತಾನೆ?”

ಭಾವ ಕಾರಿನ ಕೀ ತೆಗೆದುಕೊಂಡು ಹೊರಟುಬಿಟ್ಟರು, ಹಿಂದೆಯೇ ಅಕ್ಕನೂ. ಮಗಳ ಮುಖ ಸಪ್ಪಗಾಯಿತು. ಮಂಗಳವಾರ ಕಾರ್ಯಕ್ರಮ. ಸೋಮವಾರದವರೆಗೂ ಫೋರ್ಟ್ ಮಿಲ್‌ನಿಂದ ಒಂದು ಫೋನೂ ಬರಲಿಲ್ಲ. ಅಮ್ಮ ಮಾತ್ರ, ಬಾಗಿಲ ಹೊರಗೆ ಕುಂಬಳಕಾಯಿಗಳ ಪಕ್ಕ ನಾನು ಶೋಕಿಗೆ ಇಟ್ಟಿದ್ದ ಹಳದಿ ಸೇವಂತಿಗೆ ಕುಂಡಗಳನ್ನು ಬೋಳಿಸಿ, ಸೋಫಾದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಯಾರಿಗೆ ಎಂದು ಕೇಳಿದರೆ, “ಬೇಕಾಗುತ್ತೆ,” ಎಂದಳು.

ಮಂಗಳವಾರ ಬೆಳಿಗ್ಗೆ ಸ್ಕೂಲಿನ ಬಾಗಿಲಲ್ಲಿ ಭಾವ ನಿಂತಿದ್ದರು. ಮದುವೆಯ ಕೋಟು, ಬಾಚಿದ ಗಡ್ಡ, ಎದೆಗವಚಿಕೊಂಡ ಪುಟ್ಟ ಫೋಟೋ. ಮಗಳು ಓಡಿಹೋಗಿ ಅವರ ಕೈ ಹಿಡಿದಳು. ಅಮ್ಮ ಚೀಲದಿಂದ ಹಾರ ತೆಗೆದು ಫೋಟೋಗೆ ಹಾಕಿದಳು.

ವೇದಿಕೆಯ ಮೇಲೆ ಪ್ರಿನ್ಸಿಪಾಲ್ ಹೆಸರು ಕೇಳಿದರು. ಭಾವ ತಮ್ಮ ಹೆಸರು ಹೇಳಲಿಲ್ಲ. ಫೋಟೋ ಮೇಲೆತ್ತಿ, “ಮೈಕಲ್,” ಎಂದರು. ಇನ್ನೊಮ್ಮೆ, ಜೋರಾಗಿ, “ಇವನ ಹೆಸರು ಮೈಕಲ್. ಮನೆಗೆ ವಾಪಸ್ ಬರಲಿಲ್ಲ,” ಎಂದರು. ಅಲ್ಲಿದ್ದವರೆಲ್ಲ ಎದ್ದು ನಿಂತರು. ಮೊದಲ ಸಾಲಿನ ಒಬ್ಬ ಮುದುಕರು ಎದೆಯ ಮೇಲೆ ಕೈ ಇಟ್ಟು ಅದೇ ವಾಕ್ಯವನ್ನು ಹೇಳಿದರು.

ನಾನು ನಿಂತಿದ್ದ ಜಾಗದಿಂದ ಭಾವನ ಕಾಲನ್ನೇ ನೋಡುತ್ತಿದ್ದೆ. ಮಗಳಿಗೂ ಅದೇ ಭಯ. ಎರಡೂ ಕೈಯಲ್ಲಿ ಅವರ ತೋಳು ಬಿಗಿಯಾಗಿ ಹಿಡಿದು, “ದೊಡ್ಡಪ್ಪ, ಓಡ್ಬೇಡ,” ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

“ಇಲ್ಲಮ್ಮಾ,” ಎಂದರು ಭಾವ, ಕಣ್ಣೀರು ಒರೆಸಿಕೊಳ್ಳಲು ಖಾಲಿ ಕೈ ಇಲ್ಲದೆ. “ಅವರು ಇವನಿಗೆ ಹೇಳ್ತಿದಾರೆ. ಇವನು ಕೇಳಿಸ್ಕೊಳ್ಲಿ.”