ಮರಿಯಲ್ಲ ರೀ, ಮದುವೆ ವಯಸ್ಸಿನ ಕಪ್ಪೆ

ಹೌದು, ನಾನು ಕಪ್ಪೆ ನೋಡುತ್ತೇನೆ. ಬೇರೆ ಹೆಂಗಸರು ಅಂಗಡಿಯಲ್ಲಿ ಸೀರೆಯ ಅಂಚು ನೋಡುವಷ್ಟೇ ಶ್ರದ್ಧೆಯಿಂದ, ಗದ್ದೆಯ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಷ್ಟಿನ ನೆಲಗಪ್ಪೆಯ ತಲೆ, ಬೆನ್ನು, ಗಂಟಲು ನೋಡುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೋ ನನಗಂತೂ ಗೊತ್ತಿಲ್ಲ. ನಾನು ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಬಳ್ಳಾರಿಯ ಪಾರ್ವತಿನಗರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಬ್ಯಾಗಿನಲ್ಲಿ ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯೊಂದು ಸದಾ ಇರುತ್ತದೆ. ಒಮ್ಮೆ ನಮ್ಮ ಯಜಮಾನರು ಅದರಲ್ಲಿ ಮಂಡಕ್ಕಿ ಇದೆಯೆಂದು ಕೈ ಹಾಕಿಬಿಟ್ಟಿದ್ದರು. ಅವತ್ತಿನಿಂದ ನನ್ನ ಯಾವ ಡಬ್ಬಿಯನ್ನೂ ಮುಟ್ಟಿಲ್ಲ. ನನ್ನ ಊಟದ ಡಬ್ಬಿ ತೊಳೆಯುವ ಕೆಲಸದಿಂದಲೂ ಅದೇ ನೆಪದಲ್ಲಿ ಪಾರಾದರು.

ಜನರ ಮೇಲೆ ನನಗಿರುವ ಸಿಟ್ಟು ಒಂದೇ. ಸಣ್ಣ ಕಪ್ಪೆ ಕಂಡರೆ ಸಾಕು, ಮರಿ ಎಂದುಬಿಡುತ್ತಾರೆ. ನಮ್ಮ ಕಡೆ ಕಲ್ಲಿನ ಸಂದಿಯಲ್ಲಿ ಸಿಗುವ ಒಂದು ಜಾತಿಯ ನೆಲಗಪ್ಪೆ ಮೊಮ್ಮಕ್ಕಳನ್ನು ಕಂಡರೂ ಅಷ್ಟೇ ಇರುತ್ತದೆ. ದೊಡ್ಡ ಜಾತಿಯ ನೆಲಗಪ್ಪೆಯ ತಲೆಯ ಮೇಲೆ ಏಣುಗಳಿರುತ್ತವೆ, ಇದರ ತಲೆಯ ಮೇಲಿಲ್ಲ. ಗಂಡಿನ ಗಂಟಲು ಹಳದಿ. ನೋಡಿದರೆ ತಿಳಿಯುತ್ತದೆ, ನೋಡುವುದಿಲ್ಲ, ಅಷ್ಟೇ. ಇದು ನನಗೆ ಇಷ್ಟು ನಾಟಲು ಕಾರಣವಿದೆ. ನನ್ನ ಎತ್ತರ ನಾಲ್ಕಡಿ ಒಂಬತ್ತಿಂಚು. ನಲವತ್ತಾರರಲ್ಲೂ ಹೊಸ ಕಂಡಕ್ಟರು ಹಿಂದಿನಿಂದ ನೋಡಿ, "ಏ ಪಾಪಾ, ಒಳಗ ನಡಿ, ಯಾವ ಸಾಲಿ ನಿಂದು?" ಅನ್ನುತ್ತಾನೆ. ತಿರುಗಿ ಮುಖ ತೋರಿಸಿದ ಮೇಲೆ "ಬರ್ರಿ ಮೇಡಂ" ಆಗುತ್ತದೆ. ಇನ್ನು ಯಜಮಾನರದು ಬೇರೆ ರಾಗ: "ಚಾಳೀಸು ಬಂದೈತಿ ನಿನಗ, ಹತ್ತಿರದ್ದು ಕಾಣಂಗಿಲ್ಲ, ಕನ್ನಡಕ ಮಾಡಿಸ್ಕೋ." ಸಣ್ಣವರನ್ನು ನೋಡಲು ಬೇಕಾದದ್ದು ಮರ್ಯಾದೆ, ಕನ್ನಡಕವಲ್ಲ ಎಂದು ಅವರ ಬಾಯಿ ಮುಚ್ಚಿಸಿದ್ದೆ.

ಈ ಸಲ ಮಳೆ ತಡವಾಯಿತು. ಕುರುಗೋಡಿನಲ್ಲಿರುವ ನೆಗೆಣ್ಣಿ, ಅಂದರೆ ಯಜಮಾನರ ಅಣ್ಣನ ಹೆಂಡತಿ, ಫೋನು ಮಾಡಿದಳು. "ನಮ್ಮ ಓಣ್ಯಾಗ ಕಪ್ಪಿ ಮದಿವಿ ಮಾಡಾಕ ಹತ್ತೀವಿ. ಗಂಡು ಯಾವ್ದು, ಹೆಣ್ಣು ಯಾವ್ದು ನಮಗ ತಿಳಿಯಂಗಿಲ್ಲ. ನೀನ ಒಂದು ಜೋಡಿ ಹಿಡ್ಕೊಂಡು ಬಾ ಶಾರದಾ." ಕಪ್ಪೆ ಮದುವೆಗೂ ಮಳೆಗೂ ಸಂಬಂಧವಿಲ್ಲ ಎಂದು ವಿಜ್ಞಾನದ ಟೀಚರಾದ ನಾನು ಹೇಳಬೇಕಿತ್ತು. ಹೇಳಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಆ ಮನೆಯವರು ನನ್ನ ಕಪ್ಪೆ ವಿದ್ಯೆಯನ್ನು ಕೇಳಿ ಬಂದದ್ದು ಅದೇ ಮೊದಲು. ಖುಷಿಯಿಂದ ಒಪ್ಪಿಕೊಂಡೆ. ಭಾನುವಾರ ಬೆಳಿಗ್ಗೆಯೇ ಕುರುಗೋಡಿಗೆ ಹೋಗಿ, ಗುಡ್ಡದ ಬುಡದಲ್ಲಿ ಸೋರುವ ನೀರಿನ ತೊಟ್ಟಿಯ ಪಕ್ಕದ ಕಲ್ಲುಗಳನ್ನೆತ್ತಿ ಹುಡುಕಿದೆ. ಹಳದಿ ಗಂಟಲಿನದು ವರ, ಬಿಳಿ ಗಂಟಲಿನದು ವಧು.

ಓಣಿಯಲ್ಲಿ ಹಂದರ ಹಾಕಿದ್ದರು. ಹಸೆಯ ಮೇಲೆ ನನ್ನ ಜೋಡಿಯನ್ನು ಇಟ್ಟದ್ದೇ ತಡ, ಹಿರಿಯಳಾದ ಗಂಗಮ್ಮಜ್ಜಿ ಆರತಿ ತಟ್ಟೆ ಕೆಳಗಿಟ್ಟಳು. "ಯವ್ವಾ, ಇವು ಕೂಸು ಅದಾವಲ್ಲೇ! ಸಣ್ಣ ಹುಡುಗರ ಮದಿವಿ ಮಾಡಿದ್ರ ಕೇಸ್ ಆಗತೈತಿ. ಮೊನ್ನೇನ ಅಂಗನವಾಡಿ ಟೀಚರು ಹೇಳಿ ಹೋಗ್ಯಾಳ." ಹೆಂಗಸರೆಲ್ಲ ನನ್ನತ್ತ ನೋಡಿದರು. ನೆಗೆಣ್ಣಿಯ ಮುಖ ಬಾಡಿತು. ನನ್ನ ಮೈಯೆಲ್ಲ ಉರಿಯಿತು. "ಕೂಸಲ್ಲ ಅಜ್ಜೀ! ಇವು ಮದಿವಿ ವಯಸ್ಸಿಗೆ ಬಂದಾವ. ಇವುಗಳ ಜಾತಿನ ಇಷ್ಟು. ನಾ ಏನು ಕೂಸೇನು?" ಎಂದು ಎದ್ದು ನಿಂತೆ. ನಿಂತದ್ದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. "ಅರಿಷಿಣ ಮಾತ್ರ ಹಚ್ಚಬ್ಯಾಡ್ರಿ, ಅವು ಚರ್ಮದಾಗ ಉಸಿರಾಡ್ತಾವ. ಬರೇ ನೀರು ಹಾಕ್ರಿ, ನೋಡ್ರಿ."

ಅಜ್ಜಿ ಅನುಮಾನದಿಂದಲೇ ಒಂದು ಚಂಬು ನೀರು ಹೊಯ್ದಳು. ನೀರು ಬಿದ್ದದ್ದೇ ವರ ಕಣ್ಣು ಪಿಳುಕಿಸಿದ, ಒಂದು ಹೆಜ್ಜೆ ಮುಂದಿಟ್ಟ, ಮಾಂಗಲ್ಯಕ್ಕೂ ಕಾಯದೆ ವಧುವಿನ ಬೆನ್ನೇರಿ ಗಟ್ಟಿಯಾಗಿ ಅಪ್ಪಿಕೊಂಡ. ಹಂದರದ ತುಂಬಾ ನಗು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ಇದು ಕೂಸಲ್ಲ ಬಿಡ್ರಿ, ಖರೇನ ಗಂಡು!" ಎಂದಳು. ನಾನು ಗೆದ್ದಿದ್ದೆ.

ಆಗ ವಧು ಕೂಗಿತು. ಕಿರ್, ಕಿರ್, ಕಿರ್ ಎಂದು ಚಿಕ್ಕ ಚಿಕ್ಕದಾಗಿ, ಬಿಡದೆ. "ಲಕ್ಷ್ಮಿ ಹಾಡಾಕತ್ತಾಳ, ಮಳಿ ಬರತೈತಿ!" ಎಂದು ಹೆಂಗಸರು ಅಕ್ಷತೆ ಎರಚಿದರು. ನನ್ನ ಕೈಯಲ್ಲಿದ್ದ ಅಕ್ಷತೆ ಕೈಯಲ್ಲೇ ಉಳಿಯಿತು. ಗಂಡುಕಪ್ಪೆಯೊಂದು ತಪ್ಪಿ ಇನ್ನೊಂದು ಗಂಡನ್ನು ಅಪ್ಪಿಕೊಂಡರೆ, ಅಪ್ಪಿಸಿಕೊಂಡದ್ದು "ಬಿಡೋ, ನಾನೂ ಗಂಡೇ" ಎಂದು ಕೂಗುವ ಕೂಗು ಅದು. ಬಗ್ಗಿ ನೋಡಿದೆ. ಬಗ್ಗಿದಷ್ಟೂ ಮಸುಕು. ತಲೆ ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ನೋಡಿದಾಗ ವಧುವಿನ ಗಂಟಲಿನಲ್ಲೂ ತೆಳು ಹಳದಿ ಕಂಡಿತು. ನೋಡುವುದಿಲ್ಲ ಎಂದು ಊರಿಗೆಲ್ಲ ಬೈಯುವವಳು ನೋಡಿರಲಿಲ್ಲ. ಸುಮ್ಮನೆ ಅಕ್ಷತೆ ಹಾಕಿದೆ. ಸಂಜೆ ವಧೂವರರನ್ನು ಅದೇ ಕಲ್ಲುಗಳ ಹತ್ತಿರ ಬಿಟ್ಟಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ದಿಕ್ಕಿಗೆ ಹಾರಿದರು.

ನಾಲ್ಕನೆಯ ದಿನ ಮಳೆ ಸುರಿಯಿತು. ಮುಂದಿನ ವರ್ಷವೂ ಜೋಡಿ ಶಾರದಾನೇ ತರಬೇಕೆಂದು ಗಂಗಮ್ಮಜ್ಜಿ ಹೇಳಿ ಕಳಿಸಿದ್ದಾಳೆ. ನಾನು ಕೌಲ್ ಬಜಾರಿನಲ್ಲಿ ಕನ್ನಡಕ ಮಾಡಿಸಿಕೊಂಡೆ. ಉತ್ತರ ಪತ್ರಿಕೆ ತಿದ್ದಲು ಎಂದು ಯಜಮಾನರಿಗೆ ಹೇಳಿದ್ದೇನೆ. ಅವರು ನಕ್ಕರೆ ನಗಲಿ. ಅವು ಮರಿಗಳಲ್ಲ ಎಂದೆನಲ್ಲ, ಆ ಮಾತು ಮಾತ್ರ ಯಾರ ಮುಂದೆಯೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಈಗ ಕನ್ನಡಕ ಹಾಕಿಕೊಂಡೇ ಹೇಳುತ್ತಿದ್ದೇನೆ.