ಶಿರಾದಲ್ಲಿ ಹಬ್ಬ, ಮಧುಗಿರಿಯಲ್ಲಿ ಉಪವಾಸ

ಚಂದ್ರ ಇನ್ನೊಂದು ದಿನ ತಡೆದು ಬಂದಿದ್ದರೆ ಟೈಲರ್ ಜಹೀರ್ ಅಹಮದನಿಗೆ ಈ ಫಜೀತಿ ಇರುತ್ತಿರಲಿಲ್ಲ. ಆದರೆ ಐವತ್ತೊಂಬತ್ತನೇ ಇಸವಿಯ ಆ ರಂಜಾನಿನಲ್ಲಿ, ಯಾರೂ ಎಣಿಸದೆ ಇದ್ದಾಗ, ಒಂದು ದಿನ ಮುಂಚೆಯೇ ಶಿರಾದ ಕೋಟೆಯ ಮೇಲೆ ನಿಂತವರಿಗೆಲ್ಲ ಎಳೆಚಂದ್ರ ಕಂಡುಬಿಟ್ಟ. ಮಧುಗಿರಿಯಲ್ಲಿ ಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು. ಅಲ್ಲಿಯವರಿಗೆ ಕಾಣಲಿಲ್ಲ. ಹೀಗಾಗಿ ಮಾರನೆಯ ದಿನ ಶಿರಾದಲ್ಲಿ ಈದ್ ಹಬ್ಬ, ಮಧುಗಿರಿಯಲ್ಲಿ ಇನ್ನೊಂದು ಉಪವಾಸ.

ಅದೇ ದಿನ ಸಂಜೆ ಶಿರಾದ ಕೋಟೆ ಮೈದಾನದಲ್ಲಿ ಶಿರಾಕ್ಕೂ ಮಧುಗಿರಿಗೂ ಫುಟ್‌ಬಾಲ್ ಪಂದ್ಯ. ಎರಡೂ ಟೀಮಿನಲ್ಲಿ ಮುಸಲ್ಮಾನರೇ ಹೆಚ್ಚು. ಎರಡೂ ಕಡೆಯವರು ರೋಜಾ ಉಪವಾಸದಲ್ಲಿರುತ್ತಾರೆ, ಆಟ ಮುಗಿಸಿ ಒಟ್ಟಿಗೆ ಕೂತು ಖರ್ಜೂರ ತಿಂದರಾಯಿತು ಎಂದು ಲೆಕ್ಕ ಹಾಕಿ ದಿನ ಗೊತ್ತು ಮಾಡಿದ್ದವನು ಶಿರಾದ ಗೋಲ್‌ಕೀಪರೂ ಕ್ಯಾಪ್ಟನ್ನೂ ಆದ ಇದೇ ಜಹೀರ್.

ಶಿರಾದ ಟೀಮಿನ ಚರಿತ್ರೆ ದೊಡ್ಡದೇನಲ್ಲ. ಮೂರು ವರ್ಷದ ಹಿಂದೆ ಕಡಲೆಕಾಯಿ ಎಣ್ಣೆ ಮಿಲ್ಲಿನ ನಂದೀಶ್ವರಯ್ಯನವರು ಬೆಂಗಳೂರಿಗೆ ಹೋಗಿದ್ದಾಗ, ಯಾವುದೋ ಮಿಲ್ಲಿನ ಹುಡುಗರು ಬಣ್ಣದ ಬನಿಯನ್ನು ತೊಟ್ಟು ಚೆಂಡು ಒದೆಯುವುದನ್ನು ನೋಡಿ ಮನಸೋತರು. ಊರಿಗೆ ಬಂದವರೇ ತಮ್ಮದೂ ಒಂದು ಕ್ಲಬ್ಬು ಕಟ್ಟಿದರು. ಆಡುವವರಿಗೆ ತಿಂಗಳ ಸಂಬಳ ಗೊತ್ತು ಮಾಡಿದರು. ಊರಿನವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಹೆಣ್ಣು ಕೊಡುವವರು ಬಂದು ಹುಡುಗ ಏನು ಕೆಲಸ ಮಾಡುತ್ತಾನೆಂದು ಕೇಳಿದರೆ, "ಒದೀತಾನೆ, ಅದಕ್ಕೆ ಸಂಬಳ ಕೊಡ್ತಾರೆ" ಎಂದು ಹೇಳುವ ಸ್ಥಿತಿ ಬಂತು. ಅಂದಿನಿಂದ ಅದು ಊರಿನ ಬಾಯಲ್ಲಿ 'ಸಂಬಳದ ಟೀಮು'.

ಜಿಲ್ಲಾ ಲೀಗಿನಲ್ಲಿ ಎಲ್ಲಕ್ಕಿಂತ ಕೆಳಗಿನದು ಮೂರನೇ ಡಿವಿಷನ್. ಅದರಲ್ಲಿದ್ದದ್ದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಇಷ್ಟೇ. ಪಾವಗಡದವರು ತೆಲುಗಿನಲ್ಲಿ ಬೈಯುತ್ತ ಗೋಲು ಹೊಡೆಯುತ್ತಿದ್ದರು, ಕೊರಟಗೆರೆಯವರು ಬಾಯಿ ಮುಚ್ಚಿಕೊಂಡು ಹೊಡೆಯುತ್ತಿದ್ದರು. ಹೊಡೆಸಿಕೊಳ್ಳುವುದು ಶಿರಾದವರ ಪಾಲಿಗೆ ಬಂದಿತ್ತು. ಕೊನೆಗೆ ಉಳಿದ ಟೀಮನ್ನು ಲೀಗಿನಿಂದಲೇ ತೆಗೆದುಹಾಕುವುದೆಂದು ಆ ವರ್ಷ ತೀರ್ಮಾನವಾಯಿತು. ಶಿರಾ, ಮಧುಗಿರಿ ಎರಡೂ ತಳದಲ್ಲಿ ಸಮಸಮ. ಈ ಪಂದ್ಯ ಸೋತವರು ಮನೆಗೆ. ಆಟ ಸಮವಾದರೆ ಚೀಟಿ ಎತ್ತುತ್ತಾರೆಂದು ಊರಿನಲ್ಲಿ ಮಾತು ಹಬ್ಬಿತ್ತು. ಚೀಟಿಯಲ್ಲಿ ಜಹೀರನಿಗೆ ಹುಟ್ಟಿದಾಗಿನಿಂದ ಏನೂ ಬಂದಿರಲಿಲ್ಲ.

"ಲೀಗಿಂದ ಹೊರಕ್ಕೆ ಬಿದ್ರೆ ಕ್ಲಬ್ಬೂ ಇಲ್ಲ, ಏನೂ ಇಲ್ಲ" ಎಂದು ನಂದೀಶ್ವರಯ್ಯನವರು ಮೊದಲೇ ಹೇಳಿಬಿಟ್ಟಿದ್ದರು.

ಜಹೀರನಿಗೆ ಸಂಬಳಕ್ಕಿಂತ ಬೇರೆ ಸಂಕಟವಿತ್ತು. ವಾರವಿಡೀ ಅವನು ಕಂಡಕಂಡವರ ಮುಂದೆ ಮಂಡಿಯೂರಿ ಪೈಜಾಮದ ಅಳತೆ ತೆಗೆಯುವವನು. ಎರಡು ಕಂಬದ ನಡುವೆ ನಿಂತಾಗ ಮಾತ್ರ ಊರು ಅವನನ್ನು ಕ್ಯಾಪ್ಟನ್ ಸಾಬ್ ಎನ್ನುತ್ತಿತ್ತು. ಆ ಹೆಸರು ಹೋದರೆ ತನ್ನಲ್ಲಿ ಉಳಿಯುವುದು ಸೂಜಿ ಕತ್ತರಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಈದ್ಗಾದಲ್ಲಿ ನಮಾಜು ಮುಗಿಯುತ್ತಲೇ ಜಹೀರ್ ತನ್ನವರನ್ನು ಒಂದು ಹುಣಸೆಮರದಡಿ ಸೇರಿಸಿದ. ಹಬ್ಬದ ಮುಬಾರಕ್ ಹೇಳಲು ಬಂದಿದ್ದ ಬೈಲಪ್ಪನೂ ಅಲ್ಲಿದ್ದ. ಮಿಲ್ಲಿನಲ್ಲಿ ಮೂಟೆ ಹೊರುವ ಬೈಲಪ್ಪ ಟೀಮಿನ ಹಿಂದಿನ ಸಾಲಿನ ಆಟಗಾರ, ಆಳು ಕಲ್ಲುಕಂಬದ ಹಾಗಿದ್ದ.

"ನೋಡ್ರಪ್ಪಾ, ಅವರು ಉಪವಾಸ, ನಾವು ಹಬ್ಬ. ಸಂಜೆವರೆಗೂ ಹೊಟ್ಟೆ ಹಗುರ ಇಟ್ಕೊಂಡ್ರೆ ಗೆದ್ವಿ" ಎಂದ ಜಹೀರ್.

"ನಂಗೆ ನಿಮ್ಮ ಹಬ್ಬ ಇಲ್ವಲ್ಲಣ್ಣೋ, ನಾನೂ ತಿನ್ನಂಗಿಲ್ವಾ?" ಎಂದು ಬೈಲಪ್ಪ ದಿಗಿಲಿನಿಂದ ಕೇಳಿದ.

"ನೀನಂತೂ ಅನ್ನದ ಕಡೆ ತಿರುಗಿ ಸೈತ ನೋಡಬೇಡ."

ಮಾತು ಮುಗಿದಿರಲಿಲ್ಲ, ಹಿಂದಿನಿಂದ ಕರೀಮ್ ಸಾಬರ ಕೈ ಅವನ ಹೆಗಲ ಮೇಲೆ ಬಿತ್ತು. ಕರೀಮ್ ಸಾಬರು ಮೊಹಲ್ಲಾದ ಹಿರಿಯರು. ಅವರ ಮನೆಯಲ್ಲಿ ಹಬ್ಬದ ದಿನ ಯಾರಾದರೂ ಬೇಡವೆಂದರೆ ಅದನ್ನು ಮುಂದಿನ ಹಬ್ಬದವರೆಗೂ ಮನಸ್ಸಿನಲ್ಲಿಟ್ಟುಕೊಳ್ಳುವವರು.

"ಏನ್ ಬೇಟಾ, ಟೀಮೆಲ್ಲಾ ಇಲ್ಲೇ ಐತೆ! ಬನ್ನಿ, ಬನ್ನಿ. ಶೀರ್ ಖುರ್ಮಾ ಆರೋಗ್ತದೆ."

"ಚಾಚಾ, ಇವತ್ತು ಮ್ಯಾಚ್ ಐತೆ..."

"ಮ್ಯಾಚ್ ಸಂಜೆಗೆ. ಈದ್ ಬೆಳಿಗ್ಗೆಯಿಂದ ಐತೆ. ನಿಮ್ಮ ಅಪ್ಪ ಇದ್ದಿದ್ರೆ ಬೇಡ ಅಂತಿದ್ನಾ?"

ಸತ್ತ ತಂದೆಯ ಹೆಸರು ಬಂದ ಮೇಲೆ ಜಹೀರ್ ಹುಡುಗರಿಗೆ ಬನ್ನಿರೆಂದು ಸನ್ನೆ ಮಾಡಿದ. ಒಂದೊಂದು ಬಟ್ಟಲು ಹಾಲು ಶಾವಿಗೆ ತಾನೇ ಎಂದುಕೊಂಡು ನಡೆದ. ಕರೀಮ್ ಸಾಬರ ಮನೆಯಿಂದ ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಅಫ್ಜಲುನ್ನೀಸಾ ಬಾಗಿಲಲ್ಲೇ ಕಾದಿದ್ದಳು. "ಅವರ ಮನೇಲಿ ತಿಂದು ನಮ್ಮನೆ ದಾಟ್ಕೊಂಡು ಹೋಗ್ತೀರಾ? ನಮ್ಮ ಹಾಲೇನು ಹುಳೀನಾ?" ಅವಳ ಮನೆಯಲ್ಲಿ ತಿಂದದ್ದನ್ನು ಎದುರು ಮನೆಯವರು ಕಂಡರು. ಎದುರು ಮನೆಯವರನ್ನು ಮೂಲೆ ಮನೆಯವರು ಕಂಡರು. ಹುಡುಗರನ್ನು ಎಳೆದು ತರಲೆಂದು ಜಹೀರ್ ಒಂದೊಂದು ಮನೆಯನ್ನೂ ಹೊಕ್ಕ. ಹೊಕ್ಕಲ್ಲೆಲ್ಲ ಕ್ಯಾಪ್ಟನ್ನೇ ಮೊದಲು ತಿನ್ನಬೇಕೆಂದು ಅವನ ಕೈಗೇ ಬಟ್ಟಲು ಬಂತು. ಮಧ್ಯಾಹ್ನದ ಹೊತ್ತಿಗೆ ಶಾವಿಗೆ ಹೋಗಿ ಬಿರಿಯಾನಿ ಬಂತು. ಬೈಲಪ್ಪನಿಗೆ ಮಾಂಸ ಆಗುತ್ತದೋ ಇಲ್ಲವೋ ಎಂದು ಒಬ್ಬಾಕೆ ಸಂಕೋಚಪಟ್ಟು ಕೇಳಿದಾಗ ಅವನು ಕೈ ಮುಗಿದು, "ಆಯ್ತದೆ ಕಣಮ್ಮ, ಎಲ್ಲಾ ಆಯ್ತದೆ" ಎಂದು ತಟ್ಟೆ ಮುಂದಕ್ಕೆ ತಳ್ಳಿದ.

ಕೊನೆಗೆ ತನ್ನ ಮನೆಗೆ ಬಂದ ಜಹೀರನಿಗೆ ಹೆಂಡತಿ ರಹೀಮುನ್ನೀಸಾ ತಟ್ಟೆ ಹಾಕಿದಳು. "ನನ್ನ ಕೈಲಿ ಆಗಲ್ಲ" ಎಂದ. "ಊರೆಲ್ಲಾ ತಿರುಗಿ ತಿಂದು ಬಂದು, ಕಟ್ಟಿಕೊಂಡವಳ ಅನ್ನ ಮಾತ್ರ ಆಗಲ್ವಾ?" ಎಂದು ಅವಳ ಕಣ್ಣು ತುಂಬಿತು. ಜಹೀರ್ ಕೂತು ಉಂಡ.

ಆಟಗಾರರೆಲ್ಲ ಮೈದಾನ ಮುಟ್ಟಿದಾಗ ಹೇಳಿದ ಹೊತ್ತು ಯಾವಾಗಲೋ ಮೀರಿತ್ತು. ಅಲ್ಲಿ ನಂದೀಶ್ವರಯ್ಯನವರು ಬಿಳಿ ಪೇಟ ಸುತ್ತಿಕೊಂಡು, ಪಕ್ಕದಲ್ಲಿ ಒಂದು ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. "ನಿಮ್ಮ ಹಬ್ಬ ಅಂತ ನಮ್ಮನೇಲಿ ಹೋಳಿಗೆ ಮಾಡ್ಸಿದೀನಿ. ತುಪ್ಪ ಹಾಕ್ಕೊಳ್ಳಿ." ಸಂಬಳ ಕೊಡುವ ಕೈ ನೀಡಿದ ಹೋಳಿಗೆಯನ್ನು ಬೇಡವೆನ್ನಲು ಯಾರಿಗೆ ಧೈರ್ಯ? ಹನ್ನೊಂದು ಮಂದಿಯೂ ತಲೆ ತಗ್ಗಿಸಿ, ಸಾವಿನ ಮನೆಯಲ್ಲಿ ಉಣ್ಣುವವರಂತೆ ತಿಂದರು.

ಮಧುಗಿರಿಯವರು ಬೇಲಿಯ ನೆರಳಿನಲ್ಲಿ ಒಣಗಿದ ತುಟಿ ಬಿಗಿದುಕೊಂಡು ಕೂತಿದ್ದರು. ಅವರ ಕ್ಯಾಪ್ಟನ್ ನಸ್ರುಲ್ಲಾ ಎದ್ದು ಬಂದು ಜಹೀರನನ್ನು ಅಪ್ಪಿಕೊಂಡು ಮುಬಾರಕ್ ಹೇಳಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಜಹೀರ್ ಭಾಯ್, ನಾಳೆ ಆಡೋಣ್ವಾ? ರಾತ್ರಿ ಇಲ್ಲೇ ಮಸೀದಿ ಜಗಲೀಲಿ ಮಲಗ್ತೀವಿ. ಹುಡುಗ್ರು ಬೆಳಗಿನ ಜಾವದಿಂದ ಹನಿ ನೀರು ಮುಟ್ಟಿಲ್ಲ, ಬಸ್ಸಲ್ಲಿ ಬೇರೆ ಬೆಂದು ಬಂದವ್ರೆ."

ಜಹೀರನ ನಾಲಿಗೆಯವರೆಗೂ ಹೂಂ ಎಂಬ ಮಾತು ಬಂತು. ಆದರೆ ಉಪವಾಸವಿದ್ದವರು ಕೊನೆಕೊನೆಗೆ ಸೋತುಹೋಗುತ್ತಾರೆ, ತನ್ನ ಟೀಮಿಗೆ ಇರುವ ಆಸರೆ ಅದೊಂದೇ ಎಂದು ಒಳಗಿನಿಂದ ಇನ್ನೊಂದು ಮಾತೂ ಬಂತು. "ಲೀಗಿನ ಸೆಕ್ರೆಟರಿ ಸಾಹೇಬ್ರು ಇವತ್ತಿಗೇ ಅಂತ ಬಂದವ್ರೆ, ಭಾಯ್" ಎಂದು ನೆಲ ನೋಡುತ್ತ ಹೇಳಿದ. ಸೆಕ್ರೆಟರಿ ಮರುಳಸಿದ್ದಯ್ಯನವರು ಆಚೆ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅವರನ್ನು ಒಂದು ಮಾತು ಕೇಳಬಹುದಿತ್ತು. ಜಹೀರ್ ಕೇಳಲಿಲ್ಲ. ಆ ನಾಚಿಕೆ ಬಿರಿಯಾನಿಗಿಂತ ಭಾರವಾಗಿ ಎದೆಯಲ್ಲಿ ಕೂತಿತು.

ಪೀಪಿ ಊದುವುದು ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ಕೆಲಸ. ಅವರು ಊದಿದರು. ಮಧುಗಿರಿಯವರು ಖಾಲಿ ಹೊಟ್ಟೆಯಲ್ಲಿ ಜಿಂಕೆಗಳಂತೆ ಓಡಿದರು. ಶಿರಾದವರು ನಿಂತಲ್ಲೇ ನಿಂತು ಅವರು ಓಡುವುದನ್ನು ಗೌರವದಿಂದ ನೋಡಿದರು. ಬಗ್ಗಿದರೆ ಏಳಲಾಗುವುದಿಲ್ಲ ಎಂಬ ಭಯದಿಂದ ಜಹೀರ್ ಬಗ್ಗಲಿಲ್ಲ, ಚೆಂಡು ಅವನ ಕಾಲ ಪಕ್ಕದಲ್ಲೇ ಉರುಳಿ ಗೋಲಾಯಿತು.

ಅರ್ಧ ಆಟ ಕಳೆದ ಮೇಲೆ ಮಧುಗಿರಿಯವರ ಓಟ ತಗ್ಗಿತು. ಎರಡೂ ಕಡೆಯವರು ಈಗ ಒಂದೇ ವೇಗದಲ್ಲಿ ನಡೆದಾಡುತ್ತಿದ್ದರು. ಶಿರಾಕ್ಕೆ ಒಂದು ಮೂಲೆಯ ಒದೆತ ಸಿಕ್ಕಿತು. ಹಿಂದಿನ ಸಾಲಿಗೆ ವಾಪಸು ಹೋಗಲಾರದೆ ಮಧುಗಿರಿಯವರ ಗೋಲಿನ ಮುಂದೆಯೇ ನಿಂತು ಸುಧಾರಿಸಿಕೊಳ್ಳುತ್ತಿದ್ದ ಬೈಲಪ್ಪನ ಹೊಟ್ಟೆಗೆ ಚೆಂಡು ಬಡಿದು ಒಳಗೆ ಹೋಯಿತು. "ಅಯ್ಯೋ, ಸತ್ತೆ ಕಣ್ಲಾ!" ಎಂದು ಅವನು ಕೂಗಿದ್ದು ಜನರ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಒಂದಕ್ಕೊಂದು ಸಮ. ತಡವಾಗಿ ಶುರುವಾದ ಆಟ ಇನ್ನೂ ಸ್ವಲ್ಪ ಉಳಿದಿರುವಾಗಲೇ ಸೂರ್ಯ ಮುಳುಗಿದ. ಮಧುಗಿರಿಯವರು ಒದ್ದ ಚೆಂಡೊಂದು ಬಂದು ಜಹೀರನ ಎದೆಗೆ ಒರಗಿತು. ಅವನು ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. ಸರಿಯಾಗಿ ಆಗ ಮಸೀದಿಯಿಂದ ಅಜಾನ್ ಕೇಳಿತು.

ಮಧುಗಿರಿಯವರು ಇದ್ದಲ್ಲೇ ನಿಂತರು. ಅವರ ಗೋಲ್‌ಕೀಪರ್ ಕೂಡ ಕಂಬ ಬಿಟ್ಟು, ಗೆರೆಯಾಚೆ ಬಟ್ಟೆಯ ಮೇಲೆ ಇಟ್ಟಿದ್ದ ಖರ್ಜೂರದ ಕಡೆ ನಡೆದ. ಬೆಳಗಿನಿಂದ ಕಾದ ಬಾಯಿಗಳು ದುವಾ ಹೇಳಿ ನೀರಿಗೆ ಬಾಗಿದವು. ಶಿರಾದವರೂ ಸಿಕ್ಕಿದ್ದೇ ಸಾಕೆಂದು ಕೂತರು. ಡ್ರಿಲ್ ಮೇಷ್ಟ್ರು ಪೀಪಿಯನ್ನು ತುಟಿಗಿಟ್ಟುಕೊಂಡರು, ಊದಲಿಲ್ಲ. ಚೆಂಡು ಹಿಡಿದ ಜಹೀರ್ ತಾನಾಗಿಯೇ ನಿಲ್ಲುತ್ತಾನೆಂದುಕೊಂಡರೋ ಏನೋ.

ಜಹೀರ್ ಎದುರಿಗಿದ್ದ ಖಾಲಿ ಗೋಲನ್ನು ನೋಡಿದ. ಸಮವಾದರೆ ಚೀಟಿ. ಚೀಟಿಯಾದರೆ ಸೂಜಿ ಕತ್ತರಿ. ಚೆಂಡನ್ನು ನೆಲಕ್ಕಿಟ್ಟು ಮೆಲ್ಲಗೆ ತಳ್ಳಿಕೊಂಡು ಹೊರಟ.

ಆ ಮೈದಾನ ಅಷ್ಟು ಉದ್ದವಿದೆಯೆಂದು ಅವನಿಗೆ ಅಂದೇ ತಿಳಿದದ್ದು. ಹೊಟ್ಟೆಯಲ್ಲಿ ಶಾವಿಗೆ ಕುಲುಕುತ್ತಿತ್ತು. ಯಾರೂ ಅಡ್ಡ ಬರಲಿಲ್ಲ, ಯಾರೂ ಕೂಗಲಿಲ್ಲ. ನಸ್ರುಲ್ಲಾ ಬಾಯಿಗೆ ಒಯ್ದ ಖರ್ಜೂರವನ್ನು ಹಾಗೇ ಹಿಡಿದು ಅವನನ್ನೇ ನೋಡಿದ. ಈಗಲೂ ನಿಲ್ಲಬಹುದು ಎಂದು ಜಹೀರನಿಗೆ ಹೆಜ್ಜೆ ಹೆಜ್ಜೆಗೂ ಅನ್ನಿಸಿತು. ನಿಲ್ಲಲಿಲ್ಲ. ಕೊನೆಗೆ ಕಾಲಿನ ಬದಿಯಿಂದ ಒಂದು ಸಲ ತಟ್ಟಿದ. ಚೆಂಡು ಕಂಬಗಳ ನಡುವೆ ಹೋಗಿ ನಿಂತಿತು.

"ಪೀಪಿ ಊದಿರಲಿಲ್ಲ. ಗೋಲು ಗೋಲೇ" ಎಂದರು ಡ್ರಿಲ್ ಮೇಷ್ಟ್ರು, ಯಾರ ಮುಖವನ್ನೂ ನೋಡದೆ.

ಉಳಿದ ಆಟದಲ್ಲಿ ಏನೂ ನಡೆಯಲಿಲ್ಲ. ಊರಿನ ಜನ ಕುಣಿದಾಡಿದರು. ಮರುಳಸಿದ್ದಯ್ಯನವರು ಎದ್ದು ಬಂದು ಜಹೀರನ ಕೈ ಕುಲುಕಿದರು.

"ನಿಯಮದ ಪ್ರಕಾರ ಮಧುಗಿರಿ ಲೀಗಿನಿಂದ ಹೊರಕ್ಕೆ ಹೋಯ್ತು. ಒಳ್ಳೇ ಕೀಪರ್ ನೀವು. ಡಿವಿಷನ್ ಇದ್ದಿದ್ರೆ ಮುಂದಿನ ವರ್ಷವೂ ನೋಡಬಹುದಿತ್ತು."

"ಇದ್ದಿದ್ರೆ ಅಂದ್ರೆ, ಸಾಹೇಬ್ರೇ?"

"ನಾಲ್ಕು ಟೀಮಾದ್ರೂ ಇಲ್ದೆ ಡಿವಿಷನ್ ನಡೆಸೋ ಹಾಗಿಲ್ಲಪ್ಪ. ಈ ವರ್ಷ ಹೊಸಬರು ಯಾರೂ ಸೇರ್ತಿಲ್ಲ. ಮಧುಗಿರಿ ಹೋದ್ರೆ ನೀವು ಮೂರೇ ಉಳಿದ್ರಿ. ಮೂರನೇ ಡಿವಿಷನ್ ಇವತ್ತಿಗೇ ಮುಚ್ಚಿದ ಹಾಗೆ."

ಜಹೀರ್ ಅವರ ಕೈ ಬಿಡಲಿಲ್ಲ. "ಸಮ ಆಗಿದ್ರೆ ಚೀಟಿ ಎತ್ತಿ..."

"ಚೀಟಿನಾ? ಯಾರಂದ್ರು? ಇಬ್ರೂ ಸಮ ಅಂದ್ಮೇಲೆ ಯಾರು ಕೊನೆ? ಯಾರನ್ನೂ ತೆಗೆಯೋಕಾಗ್ತಿರ್ಲಿಲ್ಲ. ನಾಲ್ಕೂ ಹಾಗೇ ಉಳೀತಿತ್ತು."

ಪಕ್ಕದಲ್ಲಿ ನಿಂತಿದ್ದ ನಂದೀಶ್ವರಯ್ಯನವರು ಪೇಟ ತೆಗೆದು ತಲೆ ಒರೆಸಿಕೊಂಡರು. "ಹಬ್ಬ ಕೆಡಿಸೋದು ಬೇಡ. ನಾಳೆ ನಾನೇ ಎಲ್ರಿಗೂ ಹೇಳ್ತೀನಿ" ಎಂದು ಮಿಲ್ಲಿನ ಕಡೆಗೆ ಹೊರಟರು.

ಮಾತು ಕೇಳಿಸಿಕೊಂಡಿದ್ದ ನಸ್ರುಲ್ಲಾ ಹತ್ತಿರ ಬಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಜಹೀರನಿಗೆ ಎಷ್ಟೋ ಮೇಲಾಗುತ್ತಿತ್ತು.

"ಚೆಂಡು ನಿಮ್ಮ ಕೈಯಲ್ಲೇ ಇತ್ತಲ್ಲ, ಭಾಯ್. ಹಿಡ್ಕೊಂಡು ನಿಂತಿದ್ರೆ ಸಾಕಾಗಿತ್ತು."

ಅಷ್ಟರಲ್ಲಿ ಏನೂ ತಿಳಿಯದ ಊರು ಬಂದು ಜಹೀರನನ್ನು ಮುತ್ತಿತು. ಬೈಲಪ್ಪ ಅವನ ಕಾಲಡಿಗೆ ತಲೆ ಕೊಟ್ಟು ಹೆಗಲ ಮೇಲೆ ಎತ್ತಿಕೊಂಡೇಬಿಟ್ಟ. ತಮಟೆ ಬಂತು, ಹಾರ ಬಂತು. ಕರೀಮ್ ಸಾಬರು ಮುಂದೆ ನಿಂತು ದಾರಿ ಬಿಡಿಸಿದರು. ಕ್ಯಾಪ್ಟನ್ ಸಾಬ್, ಕ್ಯಾಪ್ಟನ್ ಸಾಬ್ ಎಂದು ಕೂಗುತ್ತ ಮೆರವಣಿಗೆ ಪೇಟೆ ಬೀದಿಗೆ ಇಳಿಯಿತು.

"ಬರೋ ವರ್ಸ ಇವ್ರನ್ನ ಮಧುಗಿರಿಗೇ ಹೋಗಿ ಹೊಡ್ದು ಬರಣ ಕಣಣ್ಣೋ!" ಎಂದು ಕೆಳಗಿನಿಂದ ಬೈಲಪ್ಪ ಏದುಸಿರು ಬಿಡುತ್ತ ಕೂಗಿ ಹೇಳಿದ.

ಹೆಗಲ ಮೇಲೆ ಕೂತ ಜಹೀರ್ ಅವನ ತಲೆಗೂದಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ಹೂಂ, ಹೋಗೋಣ" ಎಂದ.