ಹೋಲ್ಡ್, ರಿಪೀಟ್, ರೆಕಾರ್ಡ್

ಶಿವಾಜಿನಗರ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಪುಟ್ಟ ಎಂಪಿತ್ರೀ ಪ್ಲೇಯರ್ ಅಂಗಡಿ ಇತ್ತು. ಹೆಬ್ಬೆರಳಿನಷ್ಟು ಡಬ್ಬಿ, ಅದಕ್ಕೆ ನಾಲ್ಕೈದು ಬಟನ್ನು. ಅಷ್ಟರಲ್ಲೇ ಜನ ದಿನಕ್ಕೊಂದು ಎಡವಟ್ಟು ಮಾಡಿಕೊಂಡು ಬರುತ್ತಿದ್ದರು.

ಹೋಲ್ಡ್

ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿದ್ದ ರಾಯಚೂರು ಕಡೆಯವರೊಬ್ಬರು ಎರಡು ಬಸ್ ಬದಲಿಸಿ ಬಂದರು.

"ಸತ್ತೇ ಹೋಗ್ಯಾದ್ರಿ ಸರ. ಯಾವ ಬಟನ್ ಒತ್ತಿದ್ರೂ ಉಸಿರಿಲ್ಲ."

ಜೇಬಿನಲ್ಲಿ ಬಟನ್ ತಾನಾಗಿ ಒತ್ತಿಕೊಳ್ಳದಿರಲೆಂದು ಪಕ್ಕದಲ್ಲಿ ಹೋಲ್ಡ್ ಅಂತ ಒಂದು ಲಾಕು ಇರುತ್ತದೆ. ಉಗುರಿನಲ್ಲಿ ಸರಿಸಿದೆ. ಹಾಡು ಬಂತು. ಅವರ ಮುಖ ಮಾತ್ರ ಇಳಿದುಹೋಯಿತು.

"ಇಷ್ಟು ಲಗೂನ ರಿಪೇರಿ ಆದ್ರ ಹೆಂಗ್ರಿ? ಅರ್ಧ ದಿನ ರಜಾ ಹಾಕೀನಿ. ಇನ್ನೊಂದೀಟು ಹೊತ್ತು ಲಾಕ್ ಮಾಡಿಡ್ರಿ!"

ರಿಪೀಟ್

ಹಾಡಿನ ಒಂದು ತುಣುಕನ್ನಷ್ಟೇ ಮತ್ತೆ ಮತ್ತೆ ಕೇಳಿಸುವ ಬಟನ್ನೂ ಇತ್ತು. ಹಲಸೂರಿನ ಟೈಲರ್ ಒಬ್ಬರು ಗೊತ್ತಿಲ್ಲದೆ ಅದನ್ನು ಒತ್ತಿ, ನಾಲ್ಕು ದಿನ ಒಂದೇ ಸಾಲು ಕೇಳಿ ಬಂದಿದ್ದರು.

"ನಾಲ್ಕು ದಿನ ಯಾಕೆ ಸುಮ್ನಿದ್ರಿ?"

"ಈಗಿನ ಹಾಡೆಲ್ಲ ಹಿಂಗೇ ಇರುತ್ತೆ ಅಂದ್ಕೊಂಡೆ ಸಾರ್."

ರೆಕಾರ್ಡ್

ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿ ಸಾಹೇಬರೊಬ್ಬರು ಒಂದು ಬೆಳಿಗ್ಗೆ ಬಂದರು. "ಹಾಡು ಬರ್ತಿಲ್ಲ ಭಾಯ್, ಯಾವುದೋ ನಾಟಕ ಬರ್ತಿದೆ. ಇದರೊಳಗಿನ ರೇಡಿಯೋ ಕೆಟ್ಟಿದೆಯಾ ನೋಡಿ."

ಸ್ಪೀಕರಿಗೆ ಹಾಕಿದೆ. ತಟ್ಟೆ ಎತ್ತುವ ಸದ್ದು. ಆಮೇಲೆ ಒಬ್ಬ ಹೆಂಗಸು ದಖ್ಖನಿ ಉರ್ದುವಿನಲ್ಲಿ, "ಹುಡುಗ ಒಳ್ಳೆಯವನು. ಅವರಪ್ಪನದೇ ಮಾತು ಜಾಸ್ತಿ" ಅಂದರು.

"ಮೂರನೇ ಸಲ ಬಿರಿಯಾನಿ ಹಾಕಿಸ್ಕೊಂಡಾಗ ಮಾತ್ರ ಅವರು ಸುಮ್ನಿದ್ರಲ್ಲ ಅಮ್ಮಿ!" ಹುಡುಗಿಯೊಬ್ಬಳು ಬಿದ್ದು ಬಿದ್ದು ನಕ್ಕಳು.

ಸಾಹೇಬರು ತಲೆ ಮೇಲೆ ಕೈ ಹೊತ್ತರು. ಹಿಂದಿನ ದಿನ ಮಗನಿಗೆ ಹುಡುಗಿ ನೋಡಲು ಹೋದಾಗ ರೆಕಾರ್ಡ್ ಬಟನ್ ಒತ್ತಿಹೋಗಿತ್ತು. ಪ್ಲೇಯರನ್ನು ಹುಡುಗಿ ಮನೆಯ ಸೋಫಾದ ಮೇಲೇ ಮರೆತು ಬಂದಿದ್ದರು. ಹುಡುಗಿ ಮನೆಯವರು ಅದನ್ನು ಈಗಷ್ಟೇ ವಾಪಸು ಕಳಿಸಿದ್ದರು.

ನಾನು ಗಾಬರಿಯಾಗಿ ಆಫ್ ಮಾಡಿದೆ. ನಾನು ಮಾರಿದ ಡಬ್ಬಿಯಿಂದ ಒಂದು ಸಂಬಂಧ ಮುರಿಯಿತಲ್ಲ ಅಂದುಕೊಂಡೆ. "ಅಳಿಸಿಬಿಡ್ಲಾ ಸಾಹೇಬ್ರೇ?"

ಅವರು ಹೊಟ್ಟೆ ಕುಲುಕಿಸಿಕೊಂಡು ನಗುತ್ತಿದ್ದರು. "ಬೇಡ, ಇರ್ಲಿ. ಇಷ್ಟು ಚೆನ್ನಾಗಿ ನಗೋ ಹುಡುಗಿ ನಮ್ಮನೆಗೆ ಬೇಕು. ಇವತ್ತೇ ಒಪ್ಪಿಗೆ ಹೇಳಿ ಕಳಿಸ್ತೀನಿ."

ಬಾಗಿಲವರೆಗೂ ಹೋದವರು ಓಡೋಡಿ ವಾಪಸು ಬಂದರು.

"ಅಳಿಸಿ ಭಾಯ್, ಬೇಗ ಅಳಿಸಿ! ನಮ್ಮ ಬೇಗಂ ನಿನ್ನೆ ಅಲ್ಲಿ ಒಳಗೆ ಹೆಂಗಸರ ಜೊತೆ ಕೂತಿದ್ರು. ಶುಗರ್ ಇದೆ ಅಂತ ನಾನು ಬರೀ ಸೌತೆಕಾಯಿ ತಿಂದೆ ಅಂತ ಅವರಿಗೆ ಹೇಳಿದ್ದೀನಿ!"